ಎರವಲು ಕೊಟ್ಟದ್ದು ಗ್ರಂಥವೋ, ಯಂತ್ರವೋ?

ವಿಶ್ವವಿದ್ಯಾಲಯದ ಪುಸ್ತಕಭಂಡಾರವು ವಿದ್ಯಾರ್ಥಿಗಳಿಗೆ ಗ್ರಂಥಗಳನ್ನಲ್ಲದೆ, ಗ್ರಂಥಗಳನ್ನು ತುಂಬಿದ ಯಂತ್ರವನ್ನೇ, ಎಂದರೆ ಇ-ರೀಡರನ್ನೇ, ಎರವಲು ಕೊಡಬೇಕೆಂಬ ವಾದವು ಅಮೆರಿಕಾ ದೇಶದಲ್ಲಿ ಬಲಗೊಂಡು ಹಲವು ವರ್ಷಗಳಾದವು. ತೆಳುವಾದ ಒಂದು ಹಲಗೆಯಲ್ಲಿ ಸಾವಿರ ಗ್ರಂಥಗಳು ಅಡಗುತ್ತವೆ. ಬಡ ವಿದ್ಯಾರ್ಥಿಗೆ ಹೊರೆಯೂ ವೆಚ್ಚವೂ ತಪ್ಪುತ್ತವೆ. ಕಪಾಟುಗಳ ಸ್ಥಳವು ಉಳಿಯುತ್ತದೆ ಎಂಬುದು ವಾದಿಗಳ ಮಾತು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದುವ ಸೌಕರ್ಯವು ಮಂದದೃಷ್ಟಿಯವರಿಗೆ ವರಪ್ರಾಯವೇ ಸರಿ. 2009ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಮೂರು ತರಗತಿಗಳಲ್ಲಿ ಕಿಂಡಲ್ ಡಿಎಕ್ಸ್ ಎಂಬ ಯಂತ್ರವನ್ನು ಹಂಚಿ ಪರೀಕ್ಷಿಸಿದಾಗ, ಆ ತರಗತಿಗಳಲ್ಲಿ ಪಾಠಗಳನ್ನು ಕಾಗದದ ಮೇಲೆ ಅಚ್ಚುಮಾಡಿಕೊಳ್ಳುವುದು ಸುಮಾರು ಅರ್ಧಕ್ಕೆ ಇಳಿಯಿತು. ಇಷ್ಟನ್ನು ಒಪ್ಪದೆ ಮುಂದೆ ಹೋಗುವುದು ನ್ಯಾಯವಲ್ಲ. ಆದರೆ ಯಂತ್ರವು ಒಳ್ಳೆಯದೇ ಕೆಟ್ಟದ್ದೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅದರೊಳಗಿನ ಗ್ರಂಥವು ಯಾರದು ಎಂಬುದೇ ಪ್ರಶ್ನೆ.

ಪುಸ್ತಕಭಂಡಾರವು ಎರವಲು ಕೊಡುವುದು ಒಡೆತನದ ಬಲದಿಂದ. 1908ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಸ್ವಾರಸ್ಯವಾದ ವ್ಯಾಜ್ಯವು ಬಂದಿತ್ತು. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು ತಮ್ಮ ಒಂದು ಕಾದಂಬರಿಯೊಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಅಚ್ಚುಮಾಡಿದ್ದರು. ನ್ಯೂಯಾರ್ಕಿನ ಒಂದು ಅಂಗಡಿಯವರು 89 ಸೆಂಟಿಗೆ ಮಾರಿದರು. ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟವನ್ನು ಕಟ್ಟಿಹಾಕುವ ಹಕ್ಕು ಪ್ರಕಾಶಕರಿಗೆ ಇಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ಕೊಂಡವನು ಮರಳಿ ಮಾರಬಹುದು, ದಾನಮಾಡಬಹುದು, ಎರವಲು ಕೊಡಬಹುದು. ಆ ದೇಶದ ಪುಸ್ತಕಭಂಡಾರಗಳೆಲ್ಲವೂ ಈ ನ್ಯಾಯವನ್ನು ನೆಚ್ಚಿಕೊಂಡು ನಿಂತಿವೆ.

ಇ-ರೀಡರಿನ ವ್ಯಾಪಾರಿಯಾದರೋ ಈ ನೆಲೆಯನ್ನೇ ಸದ್ದಿಲ್ಲದೆ ಕಿತ್ತುಹಾಕಿದನು. ಕಿಂಡಲ್ ಗ್ರಂಥವನ್ನು ಮಾರಿಲ್ಲ, ಓದಲು ಪರವಾನಗಿಯನ್ನು ಮಾತ್ರ ಕೊಟ್ಟಿದೆ ಎಂಬುದು ಅಮೆಜಾನ್ ಕಂಪೆನಿಯ ಕರಾರು. ಕರಾರಿನ ಅರ್ಥವು 2009ರ ಜುಲೈ ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ಹಕ್ಕಿಲ್ಲದ ಯಾರೋ ಮಾರಾಟಕ್ಕಿಟ್ಟಿದ್ದರೆಂಬ ಕಾರಣದಿಂದ ಜಾರ್ಜ್ ಆರ್ವೆಲನ ಎರಡು ಕೃತಿಗಳನ್ನು ಕಂಪೆನಿಯು ಕೊಂಡವರ ಯಂತ್ರಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಬಿಟ್ಟಿತು. ಅವುಗಳಲ್ಲೊಂದು, ದಾಖಲೆಗಳನ್ನು ಅಳಿಸುವ ಸರಕಾರವನ್ನು ಕುರಿತ ‘1984’! ಹಣವನ್ನು ಹಿಂದಿರುಗಿಸಿದರು, ಆಮೇಲೆ ಕ್ಷಮೆಯನ್ನೂ ಬೇಡಿದರು, ಅದು ನಿಜ. ಆದರೆ ಇಂಥ ಅಳಿವು ಪುಸ್ತಕಭಂಡಾರದ ಯಂತ್ರದಲ್ಲಿ ಆದರೆ ಗ್ರಂಥಪಾಲನು ದಾಖಲೆಪುಸ್ತಕದಲ್ಲಿ ಏನೆಂದು ಬರೆಯಬೇಕು? ಗ್ರಂಥವು ಕಳವಾಗಲಿಲ್ಲ, ಯಾರೂ ಒಯ್ಯಲಿಲ್ಲ, ಗೆದ್ದಲು ತಿನ್ನಲಿಲ್ಲ, ಆದರೂ ಇಲ್ಲ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶಕರು ಪುಸ್ತಕಭಂಡಾರಗಳಿಗೆ ಕೊಡುವ ಇ-ಪುಸ್ತಕವು 26 ಸಲ ಎರವಲು ಹೋದೊಡನೆ ಮುಗಿಯತಕ್ಕದ್ದೆಂದು ವಿಧಿಸಿದರು. ಕಾಗದದ ಪುಸ್ತಕವು ಹರಿದರೆ ರಟ್ಟು ಕಟ್ಟಿಸಬಹುದು. ಇದಕ್ಕೆ ಯಾವ ರಟ್ಟು? 2019ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ, ಅಲ್ಲಿ ಕೊಂಡ ಗ್ರಂಥಗಳೂ ಅಂಗಡಿಯೊಂದಿಗೇ ಹೋದವು.

ಇನ್ನು ಬಡವರ ಹೆಸರಿನಲ್ಲಿ ನಡೆಯುವ ವಾದ. ಒಬ್ಬ ವಿದ್ಯಾರ್ಥಿಯು ನೂರು ಗ್ರಂಥಗಳ ಯಂತ್ರವನ್ನು ಒಯ್ದರೆ ಒಂದು ಸಲಕ್ಕೆ ಅವನು ಓದುವುದು ಒಂದನ್ನು. ಮಿಕ್ಕ ತೊಂಬತ್ತೊಂಬತ್ತೂ ಅವನ ಚೀಲದಲ್ಲಿ ಸೆರೆ. ಕಪಾಟಿನಲ್ಲಿದ್ದಿದ್ದರೆ ಅವು ತೊಂಬತ್ತೊಂಬತ್ತು ಮಂದಿಯ ಕೈಸೇರುತ್ತಿದ್ದವು. ಪ್ರತಿಯೊಬ್ಬ ಓದುಗನಿಗೆ ಅವನ ಗ್ರಂಥ, ಪ್ರತಿಯೊಂದು ಗ್ರಂಥಕ್ಕೆ ಅದರ ಓದುಗ ಎಂಬ ಸೂತ್ರಗಳನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಬರೆದಿಟ್ಟರು. (1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿದವರೂ ಇವರೇ.) ಯಂತ್ರವಾದಿಗಳು ಈ ಎರಡು ಸೂತ್ರಗಳಲ್ಲಿ ಒಂದನ್ನಾದರೂ ಲಕ್ಷಿಸಿದಂತೆ ತೋರುವುದಿಲ್ಲ.

ಮೊದಲನೆಯ ಸೂತ್ರವನ್ನು ಮೀರಿದ ಬಗೆಯು ಇನ್ನೂ ಕ್ಲೇಶಕರವಾದುದು. ಕಿಂಡಲ್ ಡಿಎಕ್ಸ್ ಗ್ರಂಥವನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದಾಗಿತ್ತು. ಆದರೆ ಗ್ರಂಥವನ್ನು ಆರಿಸುವ ಪಟ್ಟಿಗಳು ಮಾತ್ರ ಮೂಕವಾಗಿದ್ದವು. ಅಂಧ ವಿದ್ಯಾರ್ಥಿಯು ಕಣ್ಣುಳ್ಳವರ ನೆರವಿಲ್ಲದೆ ಆ ಧ್ವನಿಯನ್ನು ಎಬ್ಬಿಸುವಂತೆಯೇ ಇರಲಿಲ್ಲ. ಇಂಥ ಯಂತ್ರವನ್ನು ತರಗತಿಗೆ ತಂದುದಕ್ಕಾಗಿ 2009ರಲ್ಲಿ ಅಂಧರ ಎರಡು ಸಂಘಗಳೂ ಒಬ್ಬ ವಿದ್ಯಾರ್ಥಿಯೂ ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. 2010ರ ಜನವರಿಯಲ್ಲಿ ಅದು ರಾಜಿಯಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯಾಯ ಮತ್ತು ಶಿಕ್ಷಣ ಇಲಾಖೆಗಳೆರಡೂ ಸೇರಿ, ಅಂಧರು ಬಳಸಲಾರದ ಇ-ರೀಡರನ್ನು ತರಗತಿಯಲ್ಲಿ ಕಡ್ಡಾಯಮಾಡುವುದು ನ್ಯಾಯಬಾಹಿರವಾದ ಭೇದವೆಂದು ಕಾಲೇಜುಗಳ ಅಧ್ಯಕ್ಷರಿಗೆ ಪತ್ರ ಬರೆದವು. ಆದರೂ ಎಚ್ಚರ ಬರಲಿಲ್ಲ. 2012ರಲ್ಲಿ ಸಾಕ್ರಮೆಂಟೊ ನಗರದ ಸಾರ್ವಜನಿಕ ಪುಸ್ತಕಭಂಡಾರವು ಮತ್ತೊಂದು ಕಂಪೆನಿಯ ಮೂಕಯಂತ್ರಗಳನ್ನು ಎರವಲು ಕೊಟ್ಟು ಅದೇ ನ್ಯಾಯ ಇಲಾಖೆಗೆ ಉತ್ತರ ಹೇಳಬೇಕಾಯಿತು. ಅಂಧರೂ ಬಳಸಬಲ್ಲ 18 ಯಂತ್ರಗಳನ್ನಾದರೂ ಕೊಳ್ಳುವುದಾಗಿ ಒಪ್ಪಿಕೊಂಡಿತು.

ಅಚ್ಚಿನ ಪುಸ್ತಕವನ್ನೂ ಅಂಧರು ಓದಲಾರರಲ್ಲವೆ ಎಂದು ಕೇಳುವ ಜಾಣರುಂಟು. ಅಚ್ಚಿನ ಪುಸ್ತಕಕ್ಕೆ ಬಾಯಿಯಿಲ್ಲ, ಅದು ಸ್ವಭಾವ. ಬಾಯಿಯುಳ್ಳ ಯಂತ್ರವನ್ನು ತಯಾರಕನು ಅರೆಮೂಕವಾಗಿ ಬಿಟ್ಟುದು ಔದಾಸೀನ್ಯ. 2010ರಲ್ಲಿಯೇ ಅದೇ ಕಂಪೆನಿಯು ಪಟ್ಟಿಗಳನ್ನೂ ನುಡಿಯುವ ಯಂತ್ರವನ್ನು ಹೊರತಂದಿತು. ಆಗದ ಕೆಲಸವೇನೂ ಆಗಿರಲಿಲ್ಲ. 2012ರ ಪೇಪರ್‌ವೈಟ್ ಎಂಬ ಯಂತ್ರದಲ್ಲಿ ಆ ಧ್ವನಿಯನ್ನೇ ತೆಗೆದುಹಾಕಿತು. ಮರಳಿ ಕೊಟ್ಟದ್ದು ವರ್ಷಗಳು ಕಳೆದ ಮೇಲೆ.

ಆದುದರಿಂದ ಯಂತ್ರಕ್ಕೆ ಹಣವನ್ನು ಮಂಜೂರು ಮಾಡುವ ಗ್ರಂಥಾಲಯ ಸಮಿತಿಗಳು ಪರದೆಯ ಅಳತೆಯನ್ನೂ ಬೆಲೆಯನ್ನೂ ವಿಚಾರಿಸುವ ಮೊದಲು ವ್ಯಾಪಾರಿಯಿಂದ ಬರಹದಲ್ಲಿ ಉತ್ತರ ಪಡೆಯತಕ್ಕದ್ದು: ಗ್ರಂಥದ ಪ್ರತಿಯು ಭಂಡಾರದ ಸ್ವತ್ತಾಗುವುದೇ? ಅದನ್ನು ಬೇರೆ ಯಂತ್ರಕ್ಕೆ ಸಾಗಿಸಬಹುದೇ? ಕಣ್ಣಿಲ್ಲದವನು ಮೊದಲ ಗುಂಡಿಯಿಂದ ಕೊನೆಯ ಪುಟದವರೆಗೆ ಒಬ್ಬನೇ ನಡೆಸಬಹುದೇ? 2025ರ ಫೆಬ್ರವರಿ 26ರಂದು ಅಮೆಜಾನ್ ಕಂಪೆನಿಯು, ಕೊಂಡ ಕಿಂಡಲ್ ಗ್ರಂಥವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಸಾಗಿಸುವ ಸೌಕರ್ಯವನ್ನೂ ನಿಲ್ಲಿಸಿತು. ಹಕ್ಕಿನ ಅವಧಿ ಮುಗಿದ ಗ್ರಂಥಗಳನ್ನು ಬೀಗವಿಲ್ಲದೆ ತುಂಬಿ, ನುಡಿಯುವ ಯಂತ್ರದಲ್ಲಿ ಕೊಡುವುದಾದರೆ ಯಾರ ಆಕ್ಷೇಪವೂ ಇರದು. ಪಠ್ಯಗ್ರಂಥಗಳ ಮಟ್ಟಿಗೆ, ಮೇಲಿನ ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ, ಆ ಹಣದಲ್ಲಿ ಅಚ್ಚಿನ ಪ್ರತಿಗಳನ್ನೂ ಬ್ರೈಲ್ ಪ್ರತಿಗಳನ್ನೂ ಹೆಚ್ಚಾಗಿ ಕೊಳ್ಳಲಿ.