ಮೇಲುಕೋಟೆ ಯಾರದು?

ವೈರಮುಡಿ ಉತ್ಸವ ಹತ್ತಿರ ಬಂತೆಂದರೆ ನಮ್ಮ ಚೆನ್ನೈ ಕನ್ನಡಿಗರಲ್ಲಿ ಒಂದು ವಾದ ತಪ್ಪದೆ ಏಳುತ್ತದೆ. ತಮಿಳು ಮಿತ್ರರು ಆ ಊರನ್ನು ‘ತಿರುನಾರಾಯಣಪುರಂ’ ಎಂದು ಕರೆದು, ಶ್ರೀಪೆರುಂಬೂದೂರಿನಲ್ಲಿ ಹುಟ್ಟಿದ ರಾಮಾನುಜರು ಬೆಳೆಸಿದ ಕ್ಷೇತ್ರವೆಂದು ಹೆಮ್ಮೆಪಡುತ್ತಾರೆ. ನಮ್ಮವರು ಕೆರಳುತ್ತಾರೆ: ‘ಮೇಲುಕೋಟೆ ಮಂಡ್ಯ ಜಿಲ್ಲೆಯದು, ಆಚಾರ್ಯರಿಗೆ ಆಶ್ರಯ ಕೊಟ್ಟವನು ನಮ್ಮ ವಿಷ್ಣುವರ್ಧನ!’ ಎರಡೂ ಸರಿಯೇ. ಜಗಳ ಮಾತ್ರ ದಂಡ.

ಗುಡಿಯಲ್ಲಿ ಆಳ್ವಾರರ ತಮಿಳು ಪಾಶುರ, ಪಾಠಶಾಲೆಯಲ್ಲಿ ಸಂಸ್ಕೃತ, ಅಂಗಡಿ ಬೀದಿಯಲ್ಲಿ ಮಂಡ್ಯದ ಕನ್ನಡ, ಅಯ್ಯಂಗಾರರ ಮನೆಯೊಳಗೆ ಕನ್ನಡ ಬೆರೆತ ತಮಿಳು. ಆ ಪುಟ್ಟ ಊರು ಬಾಳಿದ್ದು ಹೀಗೆ. ಅಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು. ಕವಿಯಾದದ್ದು ಬೀದಿಯ ಕನ್ನಡದಲ್ಲಿ. ‘ಹಣತೆ’, ‘ಗೋಕುಲ ನಿರ್ಗಮನ’ಗಳನ್ನು ಬರೆದ ಈ ಮಹನೀಯರು ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ ದುಡಿದವರು. ಕಚೇರಿ ಕೆಲಸದಿಂದ ಪುರುಸೊತ್ತಿಲ್ಲ ಎನ್ನುವ ನನ್ನಂಥ ಗುಮಾಸ್ತರು ಇದನ್ನು ಗಮನಿಸಬೇಕು.

ನಮ್ಮದು ಇದರ ತಿರುಗುಮುರುಗು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡು ದೊಡ್ಡ ಭಾಷೆಗಳು ಪುಕ್ಕಟೆಯಾಗಿ ಒದಗಿವೆ. ಮಕ್ಕಳಿಗೆ ದಕ್ಕಿದ್ದೇನು? ತಮಿಳನ್ನು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ಕನ್ನಡದಲ್ಲಿ ಅಜ್ಜಿಗೊಂದು ಕಾಗದ ಬರೆಯಲಾರರು. ಅಕ್ಷರ ಕಲಿಸೋಣವೆಂದು ಹೇಳಿ ನೋಡಿ, ‘ಇಲ್ಲಿ ಕನ್ನಡ ಕಲಿತು ಏನು ಪ್ರಯೋಜನ ಸ್ವಾಮಿ?’ ಎಂಬ ಉತ್ತರ ಸಿದ್ಧವಾಗಿದೆ. ಮೇಲುಕೋಟೆ ನಮ್ಮದೆಂದು ಮೇಜು ಗುದ್ದಿದವರೂ ಇವರೇ!

ವೈರಮುಡಿ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸು ಕಾವಲಿನಲ್ಲಿ ತಂದು, ಒಂದು ರಾತ್ರಿ ಚೆಲುವನಾರಾಯಣನಿಗೆ ತೊಡಿಸಿ, ಮತ್ತೆ ಖಜಾನೆ ಸೇರಿಸುತ್ತಾರೆ. ವಜ್ರದ ವಿಷಯದಲ್ಲಿ ಅದು ವಿವೇಕ. ನಾವು ಕನ್ನಡವನ್ನೂ ಹಾಗೆಯೇ ಮಾಡಿದ್ದೇವೆ. ನವೆಂಬರಿನಲ್ಲಿ ಒಂದು ಸಂಜೆ ಹೊರಗೆ ತೆಗೆದು, ಹಾಡಿ, ಶಾಲು ಹೊದಿಸಿ, ಬೀಗ ಹಾಕಿಬಿಡುತ್ತೇವೆ.

ಮೇಲುಕೋಟೆಗೆ ಬಸ್ಸು ಮಾಡಿಕೊಂಡು ಹೊರಡುವ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ದರ್ಶನ, ಕಲ್ಯಾಣಿ, ಬೆಟ್ಟದ ನರಸಿಂಹ, ಪುಳಿಯೋಗರೆ ಇಷ್ಟಕ್ಕೇ ಮುಗಿಸಿ ಮರಳಬೇಡಿ. ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಗೋಡೆಯ ಮೇಲಿನ ಕನ್ನಡ ಬರಹವನ್ನು ಅವರಿಂದಲೇ ಓದಿಸಿ. ಓದಲು ಬಾರದಿದ್ದರೆ, ಹೊರಡುವುದಕ್ಕೆ ಇನ್ನೂ ತಿಂಗಳುಗಳಿವೆ. ಇವತ್ತೇ ಒಂದು ಸ್ಲೇಟು ಕೊಳ್ಳಿ.