ಯಾರಿಗೆ ಏನು ಗೊತ್ತೆಂಬುದು

ಹೌಜ್ ಖಾಸ್‌ನಲ್ಲಿ ಭಾನುವಾರಗಳಂದು ಸೇರಿ ಕುಮಾರವ್ಯಾಸ ಭಾರತವನ್ನು ಓದುವ ನಾವು ಏಳೆಂಟು ಮಂದಿಯಲ್ಲಿ ಆ ಕಾವ್ಯವನ್ನು ಪೂರ್ತಿ ಬಲ್ಲವರು ಒಬ್ಬರೂ ಇಲ್ಲ. ಭಾಮಿನಿ ಷಟ್ಪದಿಯನ್ನು ಎಲ್ಲಿ ಬಿಡಿಸಿ ಓದಬೇಕೆಂಬುದು ಒಬ್ಬರಿಗೆ ಗೊತ್ತು. ಗದಗಿನ ಕಡೆಯವರೊಬ್ಬರಿಗೆ ನಿಘಂಟಿನ ಹಂಗಿಲ್ಲದೆ ಕೆಲವು ಮಾತುಗಳು ತಿಳಿಯುತ್ತವೆ. ಕರಾವಳಿಯ ಹಿರಿಯರೊಬ್ಬರು ತಾಳಮದ್ದಳೆಯ ಕರ್ಣನನ್ನು ಕೇಳುತ್ತ ಬೆಳೆದವರು. ಮೂವರೂ ಕೂಡಿದ ದಿನ ಉದ್ಯೋಗಪರ್ವಕ್ಕೆ ಜೀವ ಬರುತ್ತದೆ. ಒಬ್ಬರು ತಪ್ಪಿದರೂ ಓದು ಕುಂಟುತ್ತದೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1985ರಲ್ಲಿ ಇಂತಹ ಹಂಚಿಕೆಯ ನೆನಪಿನ ಬಗ್ಗೆ ಬರೆದರು. ಜೊತೆಯಲ್ಲಿ ಬಾಳುವವರು ಎಲ್ಲವನ್ನೂ ತಾವೇ ಹೊರಬೇಕಿಲ್ಲ. ಯಾರಲ್ಲಿ ಏನಿದೆಯೆಂದು ತಿಳಿದಿದ್ದರೆ ಸಾಕು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂಬ ಜಂಬ ನಮಗಿಲ್ಲ. ಆದರೂ ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಮತ್ತೊಬ್ಬರದು. ತಾಳಮದ್ದಳೆಯಲ್ಲಿ ಪದ್ಯ ಭಾಗವತರದು, ಅರ್ಥ ಅರ್ಥಧಾರಿಯದು ಎಂಬುದನ್ನು ಮರೆಯಲಾಗದು.

ಈಗ ಆ ಕರಾವಳಿಯ ಹಿರಿಯರು ದೆಹಲಿ ಬಿಟ್ಟು ಮಕ್ಕಳ ಮನೆಗೆ ಹೊರಟಿದ್ದಾರೆ. ಅವರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳೋಣ ಎಂಬ ಸಲಹೆ ಬಂದಿದೆ. ಮುದ್ರಿಸೋಣ, ಬೇಡವೆನ್ನುವುದಿಲ್ಲ. ಆದರೆ ಅದು ಸಾಲದು. ನಮ್ಮಲ್ಲಿ ಹೆಚ್ಚಿನವರು ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವವರು. ಟಿಪ್ಪಣಿ ಹಾಳೆಯಲ್ಲಿ ಎಲ್ಲರ ಸಹಿಯೂ ಇರುತ್ತದೆ. ಒಂದು ಪ್ರಸ್ತಾವವನ್ನು ಏಕೆ ಕೈಬಿಟ್ಟರೆಂಬುದನ್ನು ಮಾತ್ರ ವರ್ಗವಾಗಿ ಹೋದ ಸೆಕ್ಷನ್ ಆಫೀಸರಿಗೆ ಫೋನ್ ಮಾಡಿಯೇ ಕೇಳಬೇಕು. ನಮ್ಮ ನೆರೆಯ ಕೆರೆಯ ದಂಡೆಯಲ್ಲಿ ಫಿರೋಜ್ ಷಾ ತುಘಲಕ್ 1352ರ ಸುಮಾರಿಗೆ ಕಟ್ಟಿಸಿದ ಮದರಸಾದ ಕಮಾನುಗಳು ಇಂದಿಗೂ ನಿಂತಿವೆ, ಪಾಠ ಮಾತ್ರ ನಿಂತುಹೋಗಿದೆ.

1995ರಲ್ಲಿ ಲಿಯಾಂಗ್, ಮೋರ್ಲ್ಯಾಂಡ್ ಮತ್ತು ಆರ್ಗೋಟ್ ಪ್ರಕಟಿಸಿದ ಪ್ರಯೋಗವೊಂದು ನಮಗೆ ದಾರಿ ತೋರುವಂತಿದೆ. ರೇಡಿಯೊ ಜೋಡಿಸುವುದನ್ನು ಒಟ್ಟಿಗೆ ಕಲಿತ ತಂಡಗಳು, ಬಿಡಿಬಿಡಿಯಾಗಿ ಕಲಿತು ಆಮೇಲೆ ತಂಡವಾದವರಿಗಿಂತ ಹೆಚ್ಚು ನೆನಪಿಟ್ಟುಕೊಂಡವು, ಕಡಿಮೆ ತಪ್ಪು ಮಾಡಿದವು. ಅಂದಮೇಲೆ, ಹಿರಿಯರ ಮಾತನ್ನು ಮುಂದೆ ಯಾರೋ ಒಬ್ಬರೇ ಕೂತು ಕೇಳಿ ಕಲಿಯಲಿ ಎಂದು ಕಾಯುವುದಕ್ಕಿಂತ, ಉಳಿದಿರುವ ಭಾನುವಾರಗಳಲ್ಲಿ ಇಬ್ಬರು ಕಿರಿಯರು ಅವರ ಪಕ್ಕದಲ್ಲಿ ಕೂತು ಅರ್ಥ ಹೇಳಲಿ, ಅವರು ತಡೆದು ತಿದ್ದಲಿ, ನಾವೆಲ್ಲ ಕೇಳಿಸಿಕೊಳ್ಳೋಣ. ಕರ್ಣಭೇದನದಿಂದಲೇ ಆರಂಭಿಸಬಹುದು. ಹಿರಿಯರಿಗೆ ಅದು ಪ್ರಿಯವಾದ ಭಾಗ; ಕಿರಿಯರಿಗೆ ಕೃಷ್ಣನ ಮೇಲೆ ತಕರಾರು ತೆಗೆಯಲು ಅಲ್ಲಿ ಬೇಕಾದಷ್ಟು ಎಡೆಯಿದೆ.