ಆಪ್ಷನ್ ಎಂಟ್ರಿಗೆ ಮುಂಚೆ ಎರಡು ಪ್ರಶ್ನೆ

ಸಿಇಟಿ ಫಲಿತಾಂಶ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಆಪ್ಷನ್ ಎಂಟ್ರಿಯದ್ದೇ ಮಾತು. ‘ಏರೋಸ್ಪೇಸ್ ಕಲಿತರೆ ಇಸ್ರೋ ಗ್ಯಾರಂಟಿ’ ಅಂತ ಮಗ ಹೇಳುತ್ತಾನೆ. ಉಮ್ಮನ ಚಿನ್ನ ಅಡವಿಗೆ ಹೋಗುತ್ತದೆ. ಸ್ವಲ್ಪ ನಿಲ್ಲೋಣ.

ಇಸ್ರೋ ಇಂಜಿನಿಯರ್‌ಗಳನ್ನು ಕರೆಯುವಾಗ ಹೆಚ್ಚಾಗಿ ಕೇಳುವುದು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಪದವಿಗಳನ್ನೇ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನ ಕಟ್ಟುವವರಲ್ಲೂ ಮೆಕ್ಯಾನಿಕಲ್‌ನವರು ಇದ್ದಾರೆ. ಅದೇ ಪದವಿ ನಮ್ಮ ಎಂಆರ್‌ಪಿಎಲ್‌ಗೂ ಆಗುತ್ತದೆ, ಜುಬೈಲ್‌ನ ರಿಫೈನರಿಗೂ ಆಗುತ್ತದೆ. ಏರೋಸ್ಪೇಸ್‌ನ ಬಾಗಿಲು ಅಷ್ಟು ಅಗಲವಿಲ್ಲ. ಅಮೆರಿಕದಲ್ಲಂತೂ ರಾಕೆಟ್ ಕಂಪೆನಿಗಳ ಕೆಲಸಕ್ಕೆ ಹೆಚ್ಚಾಗಿ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು.

ಹಾಗಂತ ಮಕ್ಕಳ ಆಸೆಗೆ ತಣ್ಣೀರು ಎರಚಬೇಕೆಂದಲ್ಲ. ಗಣಿತ, ಭೌತಶಾಸ್ತ್ರ ಗಟ್ಟಿ ಇದ್ದು, ತಿರುವನಂತಪುರದ ಐಐಎಸ್‌ಟಿಯಂಥ ಕಡೆ ಸೀಟು ಸಿಕ್ಕಿದರೆ ಧೈರ್ಯವಾಗಿ ಏರೋಸ್ಪೇಸ್‌ಗೇ ಕಳಿಸಿ. ಅದು ಸಿಗದಿದ್ದರೆ ಒಳ್ಳೆಯ ಕಾಲೇಜಿನ ಮೆಕ್ಯಾನಿಕಲ್ ಮೇಲು. ಆಸೆ ನಾಲ್ಕು ವರ್ಷದ ನಂತರವೂ ಉಳಿದಿದ್ದರೆ ಗೇಟ್ ಬರೆದು ಏರೋಸ್ಪೇಸ್‌ನಲ್ಲಿ ಎಂ.ಟೆಕ್ ಮಾಡಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಈ ವಿಭಾಗ 1942ರಿಂದಲೇ ಇದೆ.

ಕಾಲೇಜಿನ ಜಾಹೀರಾತು, ಏಜೆಂಟರ ಮಾತು ನಂಬಿ ಹಣ ಕಟ್ಟಬೇಡಿ. ಅಲ್ಲೇ ಕಲಿತು ಹೊರಬಂದ ಹುಡುಗ ಹುಡುಗಿಯರನ್ನು ಹುಡುಕಿ ಎರಡೇ ಪ್ರಶ್ನೆ ಕೇಳಿ: ನಿಮ್ಮ ಬ್ಯಾಚಿನಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು? ಅದರಲ್ಲಿ ಕಲಿತ ವಿಷಯದಲ್ಲೇ ಸಿಕ್ಕಿದ್ದು ಎಷ್ಟು ಮಂದಿಗೆ? ಉತ್ತರ ತೃಪ್ತಿಯಾದ ಮೇಲೆ ಚಿನ್ನದ ಮಾತು. ಗಲ್ಫ್‌ನಲ್ಲಿ ಬೆವರು ಸುರಿಸುವ ಉಪ್ಪನಿಗೆ ನಾವು ತೋರಿಸಬೇಕಾದ ಮರ್ಯಾದೆ ಅದು.